ಹೇಳಿದವರು ಒಬ್ಬರು, ಬರೆದವರು ಹಲವರು: ಕೈಲಾಸಂ ನಾಟಕಗಳ ಪಠ್ಯ ಮತ್ತು ಬೆಂಗಳೂರು ಕನ್ನಡದ ಸಾಕ್ಷ್ಯ

ಬೆಂಗಳೂರಿನ ಆಡುಗನ್ನಡದ ಚರಿತ್ರೆಯನ್ನು ಕಟ್ಟಹೊರಟವರಿಗೆ ಇಪ್ಪತ್ತನೆಯ ಶತಮಾನದ ಪೂರ್ವಾರ್ಧದ ಆಕರಗಳು ವಿರಳ. ಆಡುಗನ್ನಡವನ್ನು ಕುರಿತ ವಿಲಿಯಂ ಬ್ರೈಟ್ ಅವರ ವ್ಯಾಕರಣ ಪ್ರಕಟವಾದದ್ದು 1958ರಲ್ಲಿ. ಅದಕ್ಕೂ ಹಿಂದಿನ ಕಾಲಕ್ಕೆ ನಾವು ಸಾಮಾನ್ಯವಾಗಿ ಮೊರೆಹೋಗುವುದು ಟಿ.ಪಿ. ಕೈಲಾಸಂ (1884–1946) ಅವರ ನಾಟಕಗಳಿಗೆ. ಬಸವನಗುಡಿ, ಚಾಮರಾಜಪೇಟೆಗಳ ಮಧ್ಯಮವರ್ಗದ ಮನೆಮಾತು ಅಲ್ಲಿ ಯಥಾವತ್ತಾಗಿ ದಾಖಲಾಗಿದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಆದರೆ ಕೈಲಾಸಂ ತಾವೇ ಕುಳಿತು ಬರೆದದ್ದು ಕಡಿಮೆ, ಹೇಳಿ ಬರೆಸಿದ್ದು ಹೆಚ್ಚು. ಹಾಗಿದ್ದರೆ ಅಚ್ಚಿನಲ್ಲಿ ನಮಗೆ ಕಾಣುವ ಕನ್ನಡ ಯಾರದು?

ನಾಟಕಕಾರನ ಕರ್ತೃತ್ವದ ಪ್ರಶ್ನೆ ಎಂದೊಡನೆ ನೆನಪಾಗುವುದು ಷೇಕ್ಸ್‌ಪಿಯರ್ ವಿವಾದ. 1857ರಲ್ಲಿ ಡೀಲಿಯಾ ಬೇಕನ್, 1920ರಲ್ಲಿ ಜೆ. ಥಾಮಸ್ ಲೂನಿ ಎತ್ತಿದ ಆ ವಾದಗಳು ವ್ಯಕ್ತಿಯನ್ನು ಕುರಿತವು. ಭಾಷಾವಿಜ್ಞಾನಕ್ಕೆ ಅವುಗಳಿಂದ ದೊರೆತದ್ದು ಅಲ್ಪವೆಂದೇ ನಮ್ಮ ಅಭಿಪ್ರಾಯ. ಅದೇ 1920ರಲ್ಲಿ ಥಾಮಸ್ ಸ್ಯಾಚೆಲ್ ಎಂಬವರು ಸದ್ದಿಲ್ಲದೆ ತೋರಿಸಿಕೊಟ್ಟ ಸಂಗತಿ ಮಾತ್ರ ನಮಗೆ ಉಪಯುಕ್ತ. 1623ರ ಫೋಲಿಯೊದ 'ಮ್ಯಾಕ್‌ಬೆತ್' ಪಠ್ಯದಲ್ಲಿ ಎರಡು ಬಗೆಯ ಕಾಗುಣಿತಗಳಿವೆ: ಕೆಲವು ಪುಟಗಳಲ್ಲಿ 'ಡು', 'ಗೋ' ಎಂಬ ಪದಗಳ ಕೊನೆಗೆ 'ಇ' ಅಕ್ಷರ ಸೇರಿದೆ, ಉಳಿದವುಗಳಲ್ಲಿ ಇಲ್ಲ. ಮುಂದಿನ ವಿದ್ವಾಂಸರು ಇಂಥ ಸುಳಿವುಗಳಿಂದ ಮೊಳೆ ಜೋಡಿಸಿದ ಕೈಗಳನ್ನು ಬೇರ್ಪಡಿಸಿದರು. ಕೃತಿ ಒಬ್ಬನದೇ ಆಗಿದ್ದರೂ ಕಾಗುಣಿತ ಅವನದಲ್ಲದಿರಬಹುದು.

ಕೈಲಾಸಂ ವಿಷಯದಲ್ಲಿ ಈ ಪದರಗಳು ಕನಿಷ್ಠ ಮೂರು: ಹೇಳಿದ ಬಾಯಿ, ಬರೆದುಕೊಂಡ ಕೈ, ಅಚ್ಚಿಗೆ ಇಳಿಸಿದ ಕೈ. ಮೊದಲನೆಯ ಪದರವೇ ಸರಳವಾದುದಲ್ಲ. ಕೈಲಾಸಂ ಅವರದು ತಮಿಳು ಮನೆಮಾತಿನ ಕುಟುಂಬ; ಅವರು ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದವರು. ಅವರ ಪಾತ್ರಗಳ ಕನ್ನಡ ಕಿವಿಯಿಂದ ಕಲಿತು ನಟಿಸಿ ತೋರಿಸಿದ ಕನ್ನಡ. ಎರಡನೆಯ ಪದರದಲ್ಲಿ ಸ್ನೇಹಿತರೂ ಅಭಿಮಾನಿಗಳೂ ಇದ್ದಾರೆ. ಪ್ಲೇಗಿನ ಕಾಲದ ಆಸುಪಾಸಿನಲ್ಲಿ ಬೆಳೆದ ಈ ಬಡಾವಣೆಗಳಿಗೆ ಬೇರೆ ಬೇರೆ ಊರುಗಳಿಂದ ಬಂದು ನೆಲಸಿದ ಮನೆತನಗಳು ಹಲವಾದ್ದರಿಂದ, ಬರೆದುಕೊಂಡವರ ಮಾತೂ ಒಂದೇ ಆಗಿರಬೇಕಿಲ್ಲ. ಹೇಳಿದ ಒಂದೇ ಕ್ರಿಯಾಪದವನ್ನು ಒಬ್ಬರು 'ಹೇಳ್ತೀನಿ' ಎಂದೂ ಮತ್ತೊಬ್ಬರು 'ಹೇಳ್ತೇನೆ' ಎಂದೂ, ಶಾಲೆಯ ಶಿಸ್ತು ಬಿಡದವರು 'ಹೇಳುತ್ತೇನೆ' ಎಂದೂ ಬರೆಯುವುದು ಸಹಜ.

ಶೀರ್ಷಿಕೆಯೊಂದನ್ನೇ ನೋಡೋಣ. 'ಬಂಡ್ವಾಳ್ವಿಲ್ಲದ ಬಡಾಯಿ' ಎಂಬುದು 'ಬಂಡ್ವಾಳವಿಲ್ಲದ', 'ಬಂಡವಾಳವಿಲ್ಲದ' ಎಂಬ ರೂಪಗಳಲ್ಲಿಯೂ ಬಳಕೆಯಲ್ಲಿದೆ. ಇವುಗಳಲ್ಲಿ ಮೊದಲನೆಯದನ್ನು ಹಿಡಿದು 1930ರ ಸುಮಾರಿನ ಬೆಂಗಳೂರಿನಲ್ಲಿ ಪದಮಧ್ಯದ ಅಕಾರ ಲೋಪವಾಗುತ್ತಿತ್ತು ಎಂದು ಪ್ರಬಂಧ ಬರೆಯುವ ಸಂಶೋಧಕರು ತಾವು ಅಳೆಯುತ್ತಿರುವುದು ಉಚ್ಚಾರವನ್ನೋ ಕಾಗುಣಿತದ ರೂಢಿಯನ್ನೋ ಎಂದು ಮೊದಲು ಕೇಳಿಕೊಳ್ಳಬೇಕು.

ಇದಕ್ಕಿಂತ ಸೂಕ್ಷ್ಮವಾದುದು 'ಬೇಡ' ಪದದ ಸಮಸ್ಯೆ. ದಕ್ಷಿಣದ ವಿದ್ಯಾವಂತರ ಮಾತಿನಲ್ಲಿಯೂ ಮುಂದಿನ ಅಕಾರದ ಪ್ರಭಾವದಿಂದ ಇಲ್ಲಿಯ ಏಕಾರ ಕೆಳಗಿಳಿಯುತ್ತದೆ. 'ಬೇರೆ'ಯ ಏಕಾರಕ್ಕೆ ಅದು ಸಮನಲ್ಲ. ನಮ್ಮ ಲಿಪಿಯಲ್ಲಿ ಆ ಸ್ವರಕ್ಕೆ ಪ್ರತ್ಯೇಕ ಚಿಹ್ನೆ ಇಲ್ಲ. ಬರೆದುಕೊಳ್ಳುವವರು ವಕೀಲರ ಬಾಯಲ್ಲಿ 'ಬೇಡ' ಎಂದೂ ಆಳಿನ ಬಾಯಲ್ಲಿ 'ಬ್ಯಾಡ' ಎಂದೂ ಬರೆದರೆ, ಕಿವಿಗೆ ಅಷ್ಟಾಗಿ ಕೇಳದ ಭೇದ ಕಣ್ಣಿಗೆ ದೊಡ್ಡದಾಗಿ ಕಾಣುತ್ತದೆ. ಇಂಥ ಜೋಡಿಯನ್ನು ಜಾತಿ-ವರ್ಗ ಉಪಭಾಷೆಗಳ ಧ್ವನಿಭೇದಕ್ಕೆ ನಿದರ್ಶನವಾಗಿ ಕೊಡುವ ಮುನ್ನ ಎಚ್ಚರ ಬೇಕು. ಎಲ್ಲ ಪಾತ್ರಗಳನ್ನೂ ಒಂದೇ ಬಾಯಿ ನುಡಿದಿದೆ ಎಂಬುದನ್ನೂ ಮರೆಯುವಂತಿಲ್ಲ. ಆ ಭೇದ ಹೇಳಿದವರ ಅನುಕರಣೆಯದೋ ಬರೆದವರ ಕಲ್ಪನೆಯದೋ ಎಂದು ಒಂದು ಪುಟವನ್ನು ನೋಡಿ ನಿರ್ಧರಿಸಲಾಗದು.

ಹಾಗೆಂದು ಈ ಪಠ್ಯಗಳನ್ನು ಕೈಬಿಡಬೇಕೆಂದು ನಾವು ಹೇಳುತ್ತಿಲ್ಲ. ಬರೆಯುವ ಕೈ ಸುಲಭವಾಗಿ ಬದಲಿಸಲಾಗದ ಅಂಶಗಳಿವೆ. ವಾಕ್ಯದ ಯಾವ ಸ್ಥಾನದಲ್ಲಿ ಇಂಗ್ಲಿಷ್ ನುಸುಳುತ್ತದೆ, ಇಂಗ್ಲಿಷ್ ಧಾತುವಿಗೆ 'ಮಾಡು' ಹೇಗೆ ಸೇರುತ್ತದೆ ಎಂಬವು ವಾಕ್ಯರಚನೆಗೆ ಸೇರಿದವು. ಅವನ್ನು ತಿದ್ದಲು ಸಂಭಾಷಣೆಯನ್ನೇ ಹೊಸದಾಗಿ ಕಟ್ಟಬೇಕಾಗುತ್ತದೆ. ಶ್ಲೇಷೆ ಇನ್ನೂ ಭದ್ರ. ನಾವೇ ಕಲ್ಪಿಸಿದ ಉದಾಹರಣೆ: 'ಕೋರ್ಟು', 'ಕೋಟು' ಒಂದೇ ಉಚ್ಚಾರದಲ್ಲಿ ಕೂಡಿದರಷ್ಟೇ ನಗು ಹುಟ್ಟುವ ಮಾತಿದ್ದರೆ, ರೇಫದ ಲೋಪ ಹೇಳಿದವರದೇ ಎನ್ನಬಹುದು. ಕಾಗುಣಿತ ಏನೇ ಇರಲಿ, ನಗೆ ಉಚ್ಚಾರವನ್ನು ಕಾಪಾಡಿಕೊಂಡಿರುತ್ತದೆ. ಶೈಲಿಮಾಪನದ ಪರಿಣತರು ಪ್ರೀತಿಯಿಂದ ಎಣಿಸುವ ಅವ್ಯಯಗಳು, 'ಊ', 'ಏ', 'ಓ'ಗಳಂಥ ಪ್ರತ್ಯಯಗಳು ಇಲ್ಲಿ ಅಷ್ಟು ನಂಬಲರ್ಹವಲ್ಲ. ವೇಗವಾಗಿ ಬರೆದುಕೊಳ್ಳುವಾಗ ಮೊದಲು ಜಾರುವುದೇ ಅವು.

ಕೊನೆಯ ತುದಿಯಲ್ಲಿರುವುದು ಇಂಗ್ಲಿಷಿನ 'ಕೀಚಕ'. ಕೈಲಾಸಂ ತೀರಿಕೊಂಡ ಮೇಲೆ, 1949ರಲ್ಲಿ ಬಂದ ಈ ನಾಟಕ ಬಿ.ಎಸ್. ರಾಮರಾವ್ ತಾವು ಕೇಳಿದ್ದನ್ನು ನೆನಪಿನಿಂದ ಮರುಕಟ್ಟಿದ್ದು. 'ಹ್ಯಾಮ್ಲೆಟ್'ನ 1603ರ ಕ್ವಾರ್ಟೊ ಪಠ್ಯವೂ ನಟರ ನೆನಪಿನಿಂದ ಬಂದದ್ದೆಂದು ಹಲವು ವಿದ್ವಾಂಸರು ವಾದಿಸಿದ್ದಾರೆ. ಅಲ್ಲಿ ಅದು ಊಹೆ, ಇಲ್ಲಿ ನೆನಪಿಟ್ಟವರ ಹೆಸರೇ ನಮಗೆ ಗೊತ್ತು. ಆದ್ದರಿಂದ ಕೈಲಾಸಂ ಜೀವಿತಕಾಲದಲ್ಲಿಯೇ ಅಚ್ಚಾದ 'ದಿ ಬರ್ಡನ್', 'ಫುಲ್‌ಫಿಲ್‌ಮೆಂಟ್' ನಾಟಕಗಳೊಡನೆ ಇದನ್ನು ಪದಪದವಾಗಿ ಹೋಲಿಸುವ ಕೆಲಸದಿಂದ ಆರಂಭಿಸುವುದು ಉಚಿತ. ಕನ್ನಡ ನಾಟಕಗಳ ಮೊದಲ ಮುದ್ರಣಗಳನ್ನು ಬರೆದುಕೊಂಡವರ ಹೆಸರಿನ ಪ್ರಕಾರ ವಿಂಗಡಿಸುವುದು ಅದರ ಮುಂದಿನ ಹೆಜ್ಜೆ.