ನ್ಯಾಯಾಲಯದ ಶೀಘ್ರಲಿಪಿಗಾರರು: ಅರ್ಹತೆ ಮತ್ತು ಹೊಣೆ

ನ್ಯಾಯಾಲಯವೆಂದೊಡನೆ ಜನರ ಕಣ್ಮುಂದೆ ನಿಲ್ಲುವವರು ನ್ಯಾಯಾಧೀಶರು, ವಕೀಲರು ಹಾಗೂ ಕಕ್ಷಿದಾರರು. ನ್ಯಾಯಪೀಠದ ಬದಿಯಲ್ಲಿ ತಲೆ ತಗ್ಗಿಸಿ ಬರೆಯುವ ಶೀಘ್ರಲಿಪಿಗಾರರನ್ನು ಗಮನಿಸುವವರು ವಿರಳ. ಆದರೆ ಬಾದಾಮಿಯಲ್ಲೋ ಹುನಗುಂದದಲ್ಲೋ ರೈತನೊಬ್ಬನು ನುಡಿದ ಸಾಕ್ಷ್ಯವು ಮೇಲ್ಮನವಿಯಲ್ಲಿ ಧಾರವಾಡದ ಉಚ್ಚ ನ್ಯಾಯಾಲಯ ಪೀಠದ ಮುಂದೆ ಬಂದಾಗ, ಅವನ ಧ್ವನಿ ಅಲ್ಲಿಗೆ ತಲುಪದು. ತಲುಪುವುದು ಬರೆದಿಟ್ಟ ಹಾಳೆ ಮಾತ್ರ. ಆದುದರಿಂದ ಈ ವೃತ್ತಿಯ ಅರ್ಹತೆಯನ್ನು ಕೇವಲ ಕೈಯ ವೇಗದಿಂದ ಅಳೆಯಲಾಗದು.

ಅಮೆರಿಕೆಯಲ್ಲಿ ನ್ಯಾಯಾಲಯದ ಮಾತುಗಳನ್ನು ಶಬ್ದಶಃ ಯಂತ್ರದಲ್ಲಿ ದಾಖಲಿಸುವ ಪ್ರತ್ಯೇಕ ವೃತ್ತಿಯೇ ಇದೆ. ಪ್ರಶ್ನೋತ್ತರಗಳನ್ನು ನಿಮಿಷಕ್ಕೆ 225 ಪದಗಳ ವೇಗದಲ್ಲಿ ದಾಖಲಿಸಬಲ್ಲವರಿಗೆ ಅಲ್ಲಿಯ ರಾಷ್ಟ್ರೀಯ ಸಂಘವು ಪ್ರಮಾಣಪತ್ರ ನೀಡುತ್ತದೆ. ಭಾರತದ ಪದ್ಧತಿ ಬೇರೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ ಸಾಕ್ಷ್ಯವನ್ನು ನ್ಯಾಯಾಧೀಶರೇ ಬರೆಯಬೇಕು, ಇಲ್ಲವೇ ತಮ್ಮ ಮೇಲ್ವಿಚಾರಣೆಯಲ್ಲಿ ಬರೆಯಿಸಬೇಕು. ಸಾಮಾನ್ಯವಾಗಿ ಅವರು ಉತ್ತರಗಳನ್ನು ನಿರೂಪಣೆಯ ರೂಪದಲ್ಲಿ ಹೇಳಿ ಬರೆಯಿಸುತ್ತಾರೆ. ತೀರ್ಪು, ಆದೇಶಗಳ ಉಕ್ತಲೇಖನವೂ ಶೀಘ್ರಲಿಪಿಗಾರರದೇ.

ಕರ್ನಾಟಕದ ಜಿಲ್ಲಾ ನ್ಯಾಯಾಲಯಗಳಲ್ಲಿ ಈ ಹುದ್ದೆಗೆ ಪದವಿಪೂರ್ವ ಅಥವಾ ತತ್ಸಮಾನ ವಿದ್ಯಾರ್ಹತೆಯೊಡನೆ, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲಿಯೂ ಸೀನಿಯರ್ ದರ್ಜೆಯ ಶೀಘ್ರಲಿಪಿ ಹಾಗೂ ಬೆರಳಚ್ಚು ಪರೀಕ್ಷೆಗಳ ತೇರ್ಗಡೆಯನ್ನು ಕೇಳುತ್ತ ಬರಲಾಗಿದೆ. ಈ ಪರೀಕ್ಷೆಗಳನ್ನು ನಡೆಸುವುದು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿ. ಪ್ರಮಾಣಪತ್ರ ಕೈಸೇರಿದರೆ ಸಾಲದು. ನೇಮಕಾತಿಯ ವೇಳೆ ಉಕ್ತಲೇಖನವನ್ನು ಬರೆದುಕೊಂಡು, ಅದನ್ನು ನಿಗದಿತ ಅವಧಿಯಲ್ಲಿ ಬೆರಳಚ್ಚು ಮಾಡಿ ತೋರಿಸಬೇಕು.

ಇಂಗ್ಲೆಂಡಿನ ಐಸಾಕ್ ಪಿಟ್‌ಮನ್ 1837ರಲ್ಲಿ ಪ್ರಕಟಿಸಿದ ಪದ್ಧತಿಯು ಅಕ್ಷರಗಳನ್ನಲ್ಲ, ಧ್ವನಿಗಳನ್ನು ಬರೆಯುತ್ತದೆ. ತೆಳುಗೆರೆ ‘ಪ’ವಾದರೆ ಅದೇ ಗೆರೆ ದಪ್ಪವಾದಾಗ ‘ಬ’. ನಿಮಿಷಕ್ಕೆ 120 ಪದಗಳೆಂದರೆ ಸೆಕೆಂಡಿಗೆ ಎರಡು ಪದ. ಕನ್ನಡದಲ್ಲಿ ತೊಡಕು ಇನ್ನೂ ಹೆಚ್ಚು. ಕಾಲವೂ ನಿಷೇಧವೂ ಕ್ರಿಯಾಪದದ ತುದಿಯಲ್ಲಿರುತ್ತವೆ. ‘ರೊಕ್ಕ ಕೊಟ್ಟೀನಿ’, ‘ರೊಕ್ಕ ಕೊಟ್ಟಿಲ್ಲ’ ಎಂಬೆರಡು ಮಾತುಗಳ ಅಂತರ ಕೊನೆಯ ಒಂದೆರಡು ಅಕ್ಷರಗಳಲ್ಲಿದೆ. ಅವು ಜಾರಿದರೆ ವ್ಯಾಜ್ಯವೇ ತಿರುಗುಮುರುಗಾದೀತು.

ಇನ್ನು ಆಡುನುಡಿಯ ಜ್ಞಾನ. ‘ಎರಡು ಕೂರಿಗಿ ಹೊಲ’ ಎಂದು ಹುನಗುಂದದ ರೈತನು ಹೇಳಿದರೆ ಅದು ಭೂಮಿಯ ಅಳತೆಯೇ ಹೊರತು ಬಿತ್ತುವ ಸಲಕರಣೆಯ ಲೆಕ್ಕವಲ್ಲ. ಇಳಕಲ್ಲಿನ ನೇಕಾರನು ‘ಕೊಂಡಿ’ ಎಂದರೆ ಸೀರೆಯ ಒಡಲಿನ ಹಾಸನ್ನು ಸೆರಗಿನ ಹಾಸಿಗೆ ಕೂಡಿಸುವ ಜೋಡಣೆ. ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಭೂಮಿ ಕಳೆದುಕೊಂಡ ಬಾಗಲಕೋಟೆ ಭಾಗದ ರೈತರು, 1894ರ ಭೂಸ್ವಾಧೀನ ಕಾಯಿದೆಯ 18ನೆಯ ಕಲಮಿನನ್ವಯ ಹೆಚ್ಚಿನ ಪರಿಹಾರ ಕೋರಿ ನ್ಯಾಯಾಲಯದ ಮೆಟ್ಟಿಲೇರಿದರು. ಹೊಲ ಖುಷ್ಕಿಯೋ ಬಾಗಾಯತವೋ, ಬಾವಿ ಇತ್ತೋ ಇಲ್ಲವೋ ಎಂಬಂಥ ಮಾತುಗಳೇ ಇಂತಹ ಪ್ರಕರಣಗಳಲ್ಲಿ ಪರಿಹಾರದ ಮೊತ್ತಕ್ಕೆ ಆಧಾರ.

ಸರ್ವೋಚ್ಚ ನ್ಯಾಯಾಲಯವು 2023ರ ಫೆಬ್ರುವರಿಯಲ್ಲಿ ಸಂವಿಧಾನ ಪೀಠದ ವಾದಗಳ ಲಿಪ್ಯಂತರಕ್ಕೆ ಕೃತಕ ಬುದ್ಧಿಮತ್ತೆಯ ನೆರವನ್ನು ಪಡೆಯಲಾರಂಭಿಸಿತು. ಯಂತ್ರವು ಬರೆದುದನ್ನೂ ಮನುಷ್ಯರು ಪರಿಶೀಲಿಸಲೇಬೇಕು. ನೆಲದ ನುಡಿ ಬಲ್ಲ ಕಿವಿಯ ಅಗತ್ಯ ಇದರಿಂದ ತಗ್ಗದು.

ಈ ಸಿದ್ಧತೆಯ ಬೀಜ ಶಾಲೆಯಲ್ಲಿಯೇ ಇದೆ. ಶಿಕ್ಷಕರು ನಿತ್ಯ ಹತ್ತು ನಿಮಿಷ ಉಕ್ತಲೇಖನ ಬರೆಯಿಸಿ, ಬರೆದುದನ್ನು ವಿದ್ಯಾರ್ಥಿಗಳಿಂದ ಗಟ್ಟಿಯಾಗಿ ಓದಿಸಬಹುದು. ನ್ಯಾಯಾಲಯಗಳಲ್ಲಿ ಸೇವೆ ಸಲ್ಲಿಸಿ ನಿವೃತ್ತರಾದ ಹಳೆಯ ವಿದ್ಯಾರ್ಥಿಗಳು ವಾರಕ್ಕೊಂದು ಗಂಟೆ ಮಾರ್ಗದರ್ಶನ ನೀಡಬಹುದು. ದಾನಿಗಳು ಸಂಜೆಯ ಶೀಘ್ರಲಿಪಿ ತರಗತಿಗೆ ಕೆಲವು ಗಣಕಯಂತ್ರಗಳನ್ನು ಒದಗಿಸಿದರೆ, ಹಳ್ಳಿಯ ಬಡ ಮಕ್ಕಳಿಗೆ ಅನ್ನದ ದಾರಿ ತೆರೆದೀತು. ನ್ಯಾಯ ಬೇಡಿ ಬಂದ ಅನಕ್ಷರಸ್ಥರ ಮಾತು ಹಾಳೆಯ ಮೇಲೆ ಕೆಡದೆ ಉಳಿದೀತು.