ನಿಮಗಿದು ಗೊತ್ತೇ? ಒಂದೇ ಮಟ್ಟು, ಹತ್ತು ಕಂಠ

* ಯಕ್ಷಗಾನದ ಪ್ರಸಂಗ ಪುಸ್ತಕದಲ್ಲಿ ಸ್ವರಲಿಪಿ ಇರುವುದಿಲ್ಲ. ಪದ್ಯದ ಮೇಲೆ ರಾಗ, ತಾಳದ ಹೆಸರಷ್ಟೇ. ಮಿಕ್ಕಿದ್ದು ಹಾಡುವ ಭಾಗವತರಿಗೆ ಬಿಟ್ಟದ್ದು. ನಿನ್ನೆ ಬಂಟ್ವಾಳದಲ್ಲಿ ಕೇಳಿದ ಪದ್ಯವನ್ನೇ ಇಂದು ಬೆಳ್ತಂಗಡಿಯಲ್ಲಿ ಇನ್ನೊಬ್ಬ ಭಾಗವತರು ಎತ್ತಿಕೊಂಡರೆ ತಾಳ ಬದಲಾಗದು, ಸಾಹಿತ್ಯ ಬದಲಾಗದು, ಹಾಡು ಮಾತ್ರ ಬೇರೆಯೇ!

* ಹೊಸ ಪ್ರಸಂಗ ಬರೆಯುವ ಕವಿ ಹಳೆಯ ಮಟ್ಟಿಗೇ, ಅಂದರೆ ಹಳೆಯ ಧಾಟಿಗೇ, ಹೊಸ ಪದ್ಯ ಕೂರಿಸುತ್ತಾನೆ. ಯಾರೂ ಅದನ್ನು ಕಳವು ಎನ್ನುವುದಿಲ್ಲ.

* ಜಮೈಕಾದ ರೆಗ್ಗೆ ಸಂಗೀತದಲ್ಲೂ ಇಂಥದೇ ರೂಢಿಯಿದೆ. ಡ್ರಮ್ಮು, ಬೇಸ್ ಗಿಟಾರು ಸೇರಿ ಕಟ್ಟಿದ ನಡೆಗೆ ಅಲ್ಲಿ ‘ರಿಡಿಮ್’ ಎನ್ನುತ್ತಾರೆ. ಒಂದೇ ರಿಡಿಮ್ ಮೇಲೆ ಹಲವು ಗಾಯಕರು ತಮ್ಮ ತಮ್ಮ ಹಾಡು ಕಟ್ಟುತ್ತಾರೆ. 1974ರಲ್ಲಿ ರೂಪಿ ಎಡ್ವರ್ಡ್ಸ್ ಎಂಬ ನಿರ್ಮಾಪಕ ಒಂದೇ ರಿಡಿಮ್ಮಿನಲ್ಲಿ ‘ಯಮಾಹಾ ಸ್ಕ್ಯಾಂಕ್’ ಎಂಬ ಇಡೀ ಆಲ್ಬಮ್ ತಂದ. 1985ರ ‘ಸ್ಲೆಂಗ್ ಟೆಂಗ್’ ರಿಡಿಮ್ ಹುಟ್ಟಿದ್ದು ಗುಂಡಿ ಒತ್ತಿದರೆ ತಾಳ ಹೊಮ್ಮುವ ಪುಟ್ಟ ಕ್ಯಾಸಿಯೊ ಕೀಬೋರ್ಡಿನಿಂದ. ನಮ್ಮ ಹಿಮ್ಮೇಳದಲ್ಲಿ ಆ ಗುಂಡಿ ನಡೆಯದು. ಭಾಗವತರು ಎಳೆದಲ್ಲಿ ಮದ್ದಳೆ ಎಳೆಯಬೇಕು, ಓಡಿಸಿದಲ್ಲಿ ಓಡಬೇಕು.

* ಝಂಪೆ ತಾಳಕ್ಕೆ 10 ಅಕ್ಷರ, ತ್ರಿವುಡೆಗೆ 7, ರೂಪಕಕ್ಕೆ 6. ಭಾಮಿನಿ, ವಾರ್ಧಕ, ಕಂದ ಛಂದಸ್ಸಿನ ಪದ್ಯಗಳಿಗೆ ತಾಳದ ಹಂಗೇ ಇಲ್ಲ.

* ದ್ವಂದ್ವ ಭಾಗವತಿಕೆಯಲ್ಲಿ ಇಬ್ಬರು ಭಾಗವತರು ಒಂದೇ ಪದ್ಯವನ್ನು ಹಂಚಿಕೊಳ್ಳುತ್ತಾರೆ. ಒಬ್ಬರು ಸಾಲು ಎತ್ತಿ, ಆಲಾಪಿಸಿ ಬಿಡುತ್ತಿದ್ದಂತೆ ಇನ್ನೊಬ್ಬರು ಅದೇ ಸಾಲನ್ನು ತಮ್ಮ ದಾರಿಗೆ ಒಯ್ಯುತ್ತಾರೆ. ಚೆಂಡೆಯವರು ಕೋಲು ಎತ್ತಿ ಹಿಡಿದು ಒಮ್ಮೆ ಇವರ ಮುಖ, ಒಮ್ಮೆ ಅವರ ಮುಖ ನೋಡುತ್ತಾರೆ: ಬಿಡ್ತಿಗೆ ಎಂಬ ನುಡಿತ ಹಾಕುವುದು ಯಾರ ಸಾಲಿಗೆ? ಎದುರಿನ ಕುರ್ಚಿಗಳಲ್ಲಿ ಶಿಳ್ಳೆಯೋ ಶಿಳ್ಳೆ. ‘ಇದು ಆಟವಲ್ಲ, ಕಚೇರಿ’ ಎಂದು ಹಳಬರು ಗೊಣಗುತ್ತಾರೆ. ವೇಷಧಾರಿ ಕುಣಿತ ನಿಲ್ಲಿಸಿ ಕಾಯುತ್ತ ನಿಂತದ್ದು ಕಂಡಾಗ ಅವರ ಗೊಣಗಾಟದಲ್ಲಿ ಹುರುಳಿದೆ ಅನಿಸುತ್ತದೆ. ವೇಷಗಳೇ ಇಲ್ಲದ ‘ಗಾನವೈಭವ’ದಲ್ಲಿ ಈ ತಕರಾರಿಲ್ಲ.

* ಮೂಡುಬಿದಿರೆ ಬಳಿಯ ಮಾರೂರಿನಲ್ಲಿ ನೆಲೆಸಿದ್ದ ಬಲಿಪ ನಾರಾಯಣ ಭಾಗವತರು (1938–2023) ಹಾಡಿದ್ದು ಎಲ್ಲರೂ ಹಾಡುವ ಮಟ್ಟುಗಳನ್ನೇ. ಆದರೂ ಆ ಹಾಡಿಕೆಗೆ ‘ಬಲಿಪ ಶೈಲಿ’ ಎಂದು ಮನೆತನದ ಹೆಸರೇ ಅಂಟಿತು. ಅವರ ಅಜ್ಜನೂ ಅದೇ ಹೆಸರಿನ ಭಾಗವತರು! ಕಟೀಲು ಮೇಳದಲ್ಲಿ ಮೆರೆದ ಮೊಮ್ಮಗ ಬಲಿಪರು ಕವಿಯೂ ಹೌದು. ಐದು ದಿನ ಆಡುವಷ್ಟು ದೊಡ್ಡ ‘ದೇವಿ ಮಹಾತ್ಮೆ’ಯನ್ನು ಬರೆದವರು.

* ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳ ಮೇಳದಲ್ಲಿ ಬಹುಕಾಲ ಭಾಗವತರಾಗಿದ್ದ ಕಡತೋಕಾ ಮಂಜುನಾಥ ಭಾಗವತರು ಉತ್ತರ ಕನ್ನಡದವರು. ಬಡಗುತಿಟ್ಟಿನ (ಉತ್ತರದ ಶೈಲಿಯ) ನಾಡಿನಿಂದ ಬಂದು ತೆಂಕುತಿಟ್ಟಿನ (ದಕ್ಷಿಣದ ಶೈಲಿಯ) ಚೆಂಡೆಗೆ ಹಾಡಿದವರು.

* ಲೀಲಾವತಿ ಬೈಪಾಡಿತ್ತಾಯರು ತೆಂಕುತಿಟ್ಟಿನ ಮೊದಲ ವೃತ್ತಿಪರ ಮಹಿಳಾ ಭಾಗವತರು. 2023ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು, ಮರುವರ್ಷ ತೀರಿಕೊಂಡರು. ಧರ್ಮಸ್ಥಳದ ಲಲಿತಕಲಾ ಕೇಂದ್ರದಲ್ಲಿ ಪಾಠವನ್ನೂ ಹೇಳಿದ್ದರು.

* ಇಡೀ ರಾತ್ರಿಯ ಆಟದಲ್ಲಿ ಪೂರ್ವರಂಗಕ್ಕೆ ಹಾಡುವುದು ‘ಸಂಗೀತಗಾರ’ರು. ಬಳಿಕ ಜಾಗಟೆ ಕೈಯಿಂದ ಕೈಗೆ ದಾಟುತ್ತ ಪ್ರಧಾನ ಭಾಗವತರ ಸರದಿ ಬರುವಾಗ ನಡುರಾತ್ರಿ ಕಳೆದಿರುತ್ತದೆ. ಕಾಲಮಿತಿಯ ಆಟಗಳಲ್ಲಿ ಅಷ್ಟು ಹೊತ್ತು ಕಾಯಬೇಕಿಲ್ಲ, ಊಟ ಮುಗಿಸಿ ತಡವಾಗಿ ಹೊರಟರೆ ಅವರ ಹಾಡೇ ತಪ್ಪೀತು!