ಸ್ವಂತ ನಿವೇಶನದಲ್ಲಿ ದೊರೆತ ಹಳೆಯ ನಾಣ್ಯ: ಒಡೆತನ ಯಾರದು?

ದಾವಣಗೆರೆಯ ಮಂಡಿಪೇಟೆ, ಚೌಕಿಪೇಟೆಗಳಲ್ಲಿ ಹಳೆಯ ಮನೆ ಕೆಡವಿ ಮಳಿಗೆ ಕಟ್ಟಿಸುವ ವರ್ತಕ ಬಾಂಧವರು, ನಾಣ್ಯದ ಆಸೆಯಿಂದ ಲೋಹಶೋಧಕ ಯಂತ್ರ ತರಿಸುವ ಮುನ್ನ ಕಾನೂನಿನ ಸ್ಥಿತಿಯನ್ನು ಅರಿತಿರುವುದು ಒಳಿತು.

ಭೂಮಿಯಲ್ಲಿ ಹುದುಗಿದ್ದು ದೊರೆತ ನಿಧಿಗೆ ನಮ್ಮ ರಾಜ್ಯದಲ್ಲಿ 1962ರ ಕರ್ನಾಟಕ ನಿಕ್ಷೇಪ ನಿಧಿ ಅಧಿನಿಯಮ ಅನ್ವಯಿಸುತ್ತದೆ. ಕ್ರಯಪತ್ರ ಕೈಯಲ್ಲಿದ್ದ ಮಾತ್ರಕ್ಕೆ ನಿಧಿಯೂ ತನ್ನದಾಗದು. ಜಿಲ್ಲಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸಬೇಕು. ಮುಚ್ಚಿಟ್ಟರೆ ಶಿಕ್ಷೆಯುಂಟು. 2026ರ ಜನವರಿಯಲ್ಲಿ ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ ಮನೆಯ ಪಾಯ ತೆಗೆಯುವಾಗ ಚಿನ್ನಾಭರಣ ದೊರೆತಾಗ ಮನೆಯವರು ಅದನ್ನು ಸರ್ಕಾರಕ್ಕೆ ಒಪ್ಪಿಸಿದ್ದು ಅನುಕರಣೀಯ.

ಹರಿಹರದ ಸಂಗತಿ ಇನ್ನೂ ಸೂಕ್ಷ್ಮ. 1224ರ ಹರಿಹರೇಶ್ವರ ದೇವಾಲಯವು ಕೇಂದ್ರ ಸಂರಕ್ಷಿತ ಸ್ಮಾರಕ. ಅದರ ಎಲ್ಲೆಯಿಂದ 100 ಮೀಟರು ನಿಷೇಧಿತ ಪ್ರದೇಶ, ಅದರಾಚೆ 200 ಮೀಟರು ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಮನೆಯ ದುರಸ್ತಿಗೂ ಅನುಮತಿ ಬೇಕು. ಹೀಗಿರಲು ನಿಧಿಗಾಗಿ ಅಂಗಳ ಅಗೆಯುವ ಮಾತೆಲ್ಲಿ!

ಚಿನ್ನ-ಬೆಳ್ಳಿ ವರ್ತಕರಿಗೂ ಒಂದು ಮಾತು. 1972ರ ಪುರಾವಸ್ತು ಹಾಗೂ ಕಲಾನಿಧಿ ಕಾಯ್ದೆಯಂತೆ 100 ವರ್ಷ ಮೀರಿದ ನಾಣ್ಯ ಪುರಾವಸ್ತು. ಪರವಾನಗಿಯಿಲ್ಲದೆ ಅದರ ವ್ಯಾಪಾರ ಸಲ್ಲದು. ಖಾಸಗಿಯವರು ಅದನ್ನು ವಿದೇಶಕ್ಕೆ ಕಳುಹಿಸುವಂತೆಯೂ ಇಲ್ಲ. ವಿಜಯನಗರದ ವರಹವೊಂದರ ತೂಕ ಸುಮಾರು 3.4 ಗ್ರಾಂ. ಕರಗಿಸಿದರೆ ಉಳಿಯುವುದು ಅಷ್ಟು ಚಿನ್ನ ಮಾತ್ರ; ಉಮಾಮಹೇಶ್ವರರ ಮುದ್ರೆಯೂ ಅರಸನ ಹೆಸರೂ ಅಳಿದುಹೋಗುತ್ತವೆ. ಹುಣಸೆಹಣ್ಣು ಹಚ್ಚಿ ಉಜ್ಜುವುದೂ ಬೇಡ. ಆಕಸ್ಮಿಕವಾಗಿ ನಾಣ್ಯ ಕಂಡಲ್ಲಿ ಅಗೆತ ನಿಲ್ಲಿಸಿ, ಗಡಿಗೆಯ ಚೂರುಗಳನ್ನೂ ಇದ್ದಲ್ಲಿಯೇ ಬಿಡಬೇಕು. ಕಾಲನಿರ್ಣಯಕ್ಕೆ ಅವೂ ಆಧಾರ.